ವಯೋಲಾ ಕಲಿಯುವವರಿಗೆ ಜೋಡಿ ವಾದನ

ವಯೋಲಾ ನೋಡಲು ಪಿಟೀಲಿನಂತೆಯೇ ಇರುತ್ತದೆ. ಗಾತ್ರ ತುಸು ದೊಡ್ಡದು, ಧ್ವನಿ ತಗ್ಗು. ಪಾಶ್ಚಾತ್ಯ ಶ್ರುತಿಯಲ್ಲಿ ಪಿಟೀಲಿನ ತಂತಿಗಳು ಜಿ, ಡಿ, ಎ, ಇ. ವಯೋಲಾದವು ಸಿ, ಜಿ, ಡಿ, ಎ. ಮೂರು ತಂತಿಗಳು ಎರಡಕ್ಕೂ ಸಮಾನ. ಎಂ. ಬಾಲಮುರಳೀಕೃಷ್ಣ ಅವರು ಕರ್ನಾಟಕ ಸಂಗೀತವನ್ನೂ ಈ ವಾದ್ಯದಲ್ಲಿ ನುಡಿಸಿದ್ದುಂಟು. ಆದರೂ ನಮ್ಮಲ್ಲಿ ವಯೋಲಾ ಹಿಡಿದವರು ವಿರಳ. ನಾಲ್ವರನ್ನು ಕೂಡಿಸಿ ಕ್ವಾರ್ಟೆಟ್ ನಡೆಸುವುದು ಕಷ್ಟ. ಇಬ್ಬರಿದ್ದರೆ ಸಾಕೆನ್ನುವ ಡ್ಯುಯೆಟ್ ಇಲ್ಲಿ ಹೆಚ್ಚು ಕೈಗೆಟುಕುವ ದಾರಿ.

ಸ್ವರಸ್ಥಾನಗಳು ಕೈಗೆ ಹತ್ತಿ, ಮೂರನೆಯ ಪೊಸಿಷನ್ನಿಗೆ ಕೈ ಸರಿಯತೊಡಗಿದ ಹಂತದಲ್ಲಿ ವಿದ್ಯಾರ್ಥಿಗೆ ಇದರ ಲಾಭ ಹೆಚ್ಚು. ಆರ್ಕೆಸ್ಟ್ರಾದಲ್ಲಿ ವಯೋಲಾದ ಪಾಲಿಗೆ ಬರುವುದು ಸಾಮಾನ್ಯವಾಗಿ ನಡುವಿನ ಧ್ವನಿ. ಒಬ್ಬರು ತಪ್ಪಿದರೂ ಗುಂಪಿನಲ್ಲಿ ಮುಚ್ಚಿಹೋಗುತ್ತದೆ. ಇಬ್ಬರೇ ನುಡಿಸುವಾಗ ಆ ಮರೆ ಇರುವುದಿಲ್ಲ. ಒಮ್ಮೆ ರಾಗ, ಒಮ್ಮೆ ಆಧಾರ, ಎರಡೂ ಅವರ ಮೇಲೆಯೇ ಬೀಳುತ್ತವೆ.

ಮೊದಲ ಲಾಭ ಶ್ರುತಿಯದು. ಸಿತಾರಿನಂತೆ ಇಲ್ಲಿ ಮೆಟ್ಟಿಲುಗಳಿಲ್ಲ, ಬೆರಳು ಎಲ್ಲಿಡಬೇಕೆಂದು ಹೇಳುವುದು ಕಿವಿಯೇ. ಒಂದು ವಾದ್ಯ 440 ಹರ್ಟ್ಸ್, ಇನ್ನೊಂದು 442 ಹರ್ಟ್ಸ್ ನುಡಿದರೆ ಸೆಕೆಂಡಿಗೆ 2 ಬಾರಿ ಧ್ವನಿ ಏರಿಳಿಯುವುದು ಸ್ಪಷ್ಟವಾಗಿ ಕೇಳುತ್ತದೆ. ಶ್ರುತಿ ಕೂಡುತ್ತಿದ್ದಂತೆ ಆ ಅಲೆ ನಿಧಾನವಾಗಿ ನಿಲ್ಲುತ್ತದೆ. ತಂಬೂರಿ ಕದಲದ ಆಧಾರ. ಜೊತೆಗಾರನ ಸ್ವರ ಕ್ಷಣಕ್ಷಣಕ್ಕೂ ಬದಲಾಗುವಂಥದು. ಹಾಗಾಗಿ ಕಿವಿಗೆ ಇಲ್ಲಿ ಕೆಲಸ ಹೆಚ್ಚು.

ಎರಡನೆಯದು ಕಾಲ. ವಯೋಲಾದ ದಪ್ಪ ತಂತಿಗಳು, ಅದರಲ್ಲೂ ಸಿ ತಂತಿ, ಪಿಟೀಲಿನಷ್ಟು ಬೇಗ ನುಡಿಯುವುದಿಲ್ಲ. ಕಮಾನಿನ ಒತ್ತಡ ಮತ್ತು ವೇಗವನ್ನು ಸರಿಹೊಂದಿಸದಿದ್ದರೆ ಸ್ವರ ತಡವಾಗಿ ಹೊರಡುತ್ತದೆ. ಪಕ್ಕದಲ್ಲಿ ಪಿಟೀಲಿದ್ದರೆ ಈ ಹಿಂದುಳಿಕೆ ಕೂಡಲೇ ಗೊತ್ತಾಗುತ್ತದೆ. ಒಬ್ಬರೇ ಅಭ್ಯಾಸ ಮಾಡುವಾಗ ಗೊತ್ತಾಗುವುದೇ ಅಪರೂಪ.

ಜೋಡಿ ವಾದನ ಕನ್ನಡ ಕೇಳುಗರಿಗೆ ಹೊಸದಲ್ಲ. ಮೈಸೂರು ನಾಗರಾಜ್ ಮತ್ತು ಮೈಸೂರು ಮಂಜುನಾಥ್ ಸಹೋದರರ ಯುಗಳ ಪಿಟೀಲು ವಾದನ ಪ್ರಸಿದ್ಧ. ಕರ್ನಾಟಕ ಶೈಲಿಯ ಯುಗಳದಲ್ಲಿ ಇಬ್ಬರೂ ಒಂದೇ ಕೃತಿಯನ್ನು, ಹಲವೊಮ್ಮೆ ಒಂದು ಸ್ಥಾಯಿಯ ಅಂತರದಲ್ಲಿ, ನುಡಿಸುತ್ತಾರೆ. ಕಲ್ಪನಾಸ್ವರದಲ್ಲಿ ಸರದಿ ಬರುತ್ತದೆ. ಪಾಶ್ಚಾತ್ಯ ಡ್ಯುಯೆಟ್‌ನಲ್ಲಿ ಸಾಮಾನ್ಯವಾಗಿ ಇಬ್ಬರ ಸಾಲುಗಳೂ ಬೇರೆಬೇರೆ. ಮೊದಲನೆಯದು ಇನ್ನೊಬ್ಬರೊಳಗೆ ಬೆರೆಯುವುದನ್ನು ಕಲಿಸಿದರೆ, ಎರಡನೆಯದು ತನ್ನ ಸಾಲು ಬಿಡದೆ ಇನ್ನೊಬ್ಬರನ್ನು ಕೇಳುವುದನ್ನು ಕಲಿಸುತ್ತದೆ. ವಯೋಲಾ ವಿದ್ಯಾರ್ಥಿಗೆ ಎರಡೂ ಬೇಕು.

ಕೃತಿಗಳ ಆಯ್ಕೆಯಲ್ಲಿ ಆತುರ ಸಲ್ಲದು. ಮೊಜಾರ್ಟ್ 1783ರಲ್ಲಿ ಪಿಟೀಲು-ವಯೋಲಾ ಜೋಡಿಗೆ ಬರೆದ ಎರಡು ಕೃತಿಗಳು ಸೊಗಸಾಗಿವೆ, ಆದರೆ ಈ ಹಂತಕ್ಕೆ ಭಾರ. ಬಾರ್ಟೋಕ್ 1931ರಲ್ಲಿ ಎರಡು ಪಿಟೀಲುಗಳಿಗೆಂದು ಬರೆದ 44 ಡ್ಯುಯೆಟ್‌ಗಳು ಸುಲಭದಿಂದ ಕಠಿಣದತ್ತ ಸಾಗುತ್ತವೆ. ವಯೋಲಾಕ್ಕೆ ಹೊಂದಿಸಿದ ಆವೃತ್ತಿಯೂ ಇದೆ. ಕಲಿಯುವವರಿಗೆ ಅದೇ ಒಳ್ಳೆಯ ಆರಂಭ.

ಅಭ್ಯಾಸಕ್ಕೆ ಮುನ್ನ ಇಬ್ಬರೂ ಒಂದೇ ಎ ಸ್ವರಕ್ಕೆ ಶ್ರುತಿ ಮಾಡಿಕೊಳ್ಳಬೇಕು. ವಿಳಂಬದಲ್ಲಿ ಒಮ್ಮೆ ನುಡಿಸಿ, ವಾದ್ಯದ ವ್ಯಾಪ್ತಿ ಒಪ್ಪಿದರೆ ಸಾಲುಗಳನ್ನು ಅದಲುಬದಲು ಮಾಡಿ ನೋಡಬೇಕು. ವಿಜಯಪುರ ಜಿಲ್ಲೆಯ ಮಸೂತಿಯಂಥ ಊರಿನಲ್ಲಿ ಇನ್ನೊಬ್ಬ ವಯೋಲಾ ವಾದಕ ಸಿಗುವುದು ಕಷ್ಟ. ಪಿಟೀಲು ನುಡಿಸುವ ಒಬ್ಬರು ಸಿಕ್ಕರೂ ಕಲಿಕೆ ಶುರುಮಾಡಬಹುದು.