ಕಚ್ರಾನನ್ನು ಕಸ ಮಾಡಿದ ಜಾಹೀರಾತು

'ಲಗಾನ್' ಸಿನಿಮಾದ ಕಚ್ರಾ ನೆನಪಿದ್ದಾನಾ? ಊನವಾದ ಕೈಯಲ್ಲೇ ಚೆಂಡು ತಿರುಗಿಸಿ ಹ್ಯಾಟ್ರಿಕ್ ಹೊಡೆದ ದಲಿತ. ತಂಡಕ್ಕೆ ಅವನನ್ನು ಕರೆದಾಗ, ಅವನ ಜೊತೆ ಆಡಲ್ಲ ಅಂತ ಊರವರೇ ಹಟ ಹಿಡಿದಿದ್ದರು.

2023ರ ಜೂನ್ 5, ವಿಶ್ವ ಪರಿಸರ ದಿನ. ಪ್ಲಾಸ್ಟಿಕ್ ಮರುಬಳಕೆ ಬಗ್ಗೆ ಊಟ ತಲುಪಿಸುವ ಕಂಪನಿ ಜೊಮ್ಯಾಟೊ ಒಂದು ಜಾಹೀರಾತು ವಿಡಿಯೊ ಬಿಟ್ಟಿತು. ಅದರಲ್ಲಿ ಇದ್ದಿದ್ದು ಕಚ್ರಾ ಪಾತ್ರ ಮಾಡಿದ್ದ ಅದೇ ನಟ, ಆದಿತ್ಯ ಲಖಿಯಾ. ಒಂದು ಕಡೆ ಲ್ಯಾಂಪ್ ಆಗಿದ್ದಾರೆ, ಇನ್ನೊಂದು ಕಡೆ ಪೇಪರ್‌ವೇಟ್. ಕಸದಿಂದ ಏನೇನು ಮಾಡಬಹುದು ಅಂತ ತೋರಿಸಲು! ಹಿಂದಿಯಲ್ಲಿ ಕಚ್ರಾ ಅಂದರೆ ಕಸ ತಾನೇ.

ಸ್ವಲ್ಪ ಯೋಚಿಸಿ. ಕೆಲವು ಜಾತಿಗಳ ಕೈಯಲ್ಲಿ ತಲೆತಲಾಂತರದಿಂದ ಊರ ಕಸ ಎತ್ತಿಸಿ, ಅವರನ್ನೇ ಹೊಲಸು ಅಂತ ದೂರ ಇಟ್ಟ ನಾಡು ಇದು. 2001ರ ಆ ಸಿನಿಮಾ ಈ ಅವಮಾನವನ್ನು ಪ್ರಶ್ನಿಸಿತ್ತು. ಜಾಹೀರಾತು ಅದನ್ನೇ ನಗೆಯ ಸರಕು ಮಾಡಿತು. ನನಗಂತೂ ನೋಡಿ ಹೊಟ್ಟೆ ಉರಿಯಿತು.

ಸಿನಿಮಾ ನಿರ್ದೇಶಕ ನೀರಜ್ ಘಾಯ್ವಾನ್ ಈ ಜಾಹೀರಾತನ್ನು ಬಹಿರಂಗವಾಗಿ ಖಂಡಿಸಿದರು. ರಾಷ್ಟ್ರೀಯ ಪರಿಶಿಷ್ಟ ಜಾತಿಗಳ ಆಯೋಗವೂ ನೋಟಿಸ್ ಕೊಟ್ಟಿತು. ವಿಡಿಯೊ ಬಿಟ್ಟ ಕೆಲವೇ ದಿನಗಳಲ್ಲಿ ಕಂಪನಿ ಅದನ್ನು ತೆಗೆದುಹಾಕಿತ್ತು.

ಜೊತೆಗೆ ಬಂದ ಹೇಳಿಕೆಯ ಸಾರ ಕೇಳಿ: ತಮಾಷೆಯಾಗಿ ಜಾಗೃತಿ ಮೂಡಿಸುವುದು ನಮ್ಮ ಉದ್ದೇಶವಾಗಿತ್ತು, ನಮಗರಿವಿಲ್ಲದೆ ಕೆಲವು ಸಮುದಾಯಗಳ, ವ್ಯಕ್ತಿಗಳ ಭಾವನೆಗೆ ನೋವಾಗಿರಬಹುದು.

ಯಾವ ಸಮುದಾಯ? ಹೇಳಿಲ್ಲ. ನೋವು ಯಾಕಾಯಿತು? ಅದನ್ನೂ ಹೇಳಿಲ್ಲ. ತಪ್ಪು ಜಾಹೀರಾತಿನದ್ದು, ಆದರೆ ಹೇಳಿಕೆ ಬೊಟ್ಟು ಮಾಡಿದ್ದು ನೋಡಿದವರ ಭಾವನೆ ಕಡೆಗೆ. ಸ್ಕ್ರಿಪ್ಟ್ ಬರೆದಾಗ, ಶೂಟ್ ಮಾಡಿದಾಗ, ಒಪ್ಪಿಗೆ ಕೊಟ್ಟಾಗ ಆ ಕೋಣೆಗಳಲ್ಲಿ ಯಾರ್ಯಾರು ಕೂತಿದ್ದರು, ಯಾರಿಗೆ ಜಾಗವೇ ಇರಲಿಲ್ಲ? ದಲಿತರು ಕೇಳಿದ ಈ ಪ್ರಶ್ನೆಗೆ ಆ ಹೇಳಿಕೆಯಲ್ಲಿ ಉತ್ತರ ಇರಲಿಲ್ಲ.