ಎಲ್ಕ್ ರಾಜ್ಯದ್ದು, ದಾರಿ ಜಮೀನುದಾರನದು

ಅಮೆರಿಕದ ವಯೋಮಿಂಗ್, ಮೊಂಟಾನಾ, ಕೊಲರಾಡೊ ರಾಜ್ಯಗಳಲ್ಲಿ ಹಳ್ಳಿಗಾಡಿನ ಜಮೀನು ಕೊಳ್ಳುವವರಲ್ಲಿ ಹಲವರು ಮಣ್ಣು, ನೀರುಗಳಷ್ಟೇ ಆಸ್ಥೆಯಿಂದ ಅಲ್ಲಿಗೆ ಎಲ್ಕ್ ಮತ್ತು ಮ್ಯೂಲ್ ಜಿಂಕೆಗಳು ಬರುತ್ತವೆಯೇ, ಬೇಲಿಯಾಚೆ ಸಾರ್ವಜನಿಕ ಭೂಮಿ ಇದೆಯೇ ಎಂಬುದನ್ನು ವಿಚಾರಿಸುತ್ತಾರೆ. ಎಲ್ಕ್ ಎಂಬುದು ಕಾಶ್ಮೀರದ ಹಂಗುಲ್‌ನ ಹತ್ತಿರದ ಬಂಧುವಾಗಿದ್ದು, ಗಂಡು 300 ಕಿಲೋಗೂ ಮೀರಿ ತೂಗಬಲ್ಲದು. ಆದರೆ ಇಂಥ ಜಮೀನಿಗೆ ಹಣ ಸುರಿದವನು ಕೊಳ್ಳುವುದು ಎಲ್ಕನ್ನಲ್ಲ, ಅದರ ಬಳಿಗೆ ಹೋಗುವ ದಾರಿಯನ್ನು.

ಇದರ ಒಂದು ಬೇರು ವನ್ಯಪ್ರಾಣಿಗಳ ಒಡೆತನದ ಕಲ್ಪನೆಯಲ್ಲಿದೆ. ಇಂಗ್ಲೆಂಡಿನಲ್ಲಿ ಬೇಟೆಯ ಹಕ್ಕು ಭೂಮಿಯ ಒಡೆತನಕ್ಕೆ ಅಂಟಿಕೊಂಡು ಬಂದಿತ್ತು; ಬಂಡೀಪುರವು ಮೈಸೂರು ಅರಸರ ಬೇಟೆಕಾಡಾಗಿತ್ತೆಂದು ಬಲ್ಲ ಕನ್ನಡ ಓದುಗರಿಗೂ ಅಂಥ ಏರ್ಪಾಡು ಹೊಸದಲ್ಲ. ಅಮೆರಿಕವಾದರೋ ಕಾಡುಪ್ರಾಣಿಗಳನ್ನು ಆಯಾ ರಾಜ್ಯವು ಜನರ ಪರವಾಗಿ ಕಾಯುವ ಸೊತ್ತೆಂದು ಬಗೆಯಿತು, ಮತ್ತು 1896ರಲ್ಲಿ ಸುಪ್ರೀಂ ಕೋರ್ಟ್ ಈ ನಿಲುವಿಗೆ ಮುದ್ರೆಯೊತ್ತಿತು. 1979ರಲ್ಲಿ ಅದೇ ನ್ಯಾಯಾಲಯ ಒಡೆತನವೆಂಬ ಮಾತನ್ನು ಕೈಬಿಟ್ಟರೂ ಪರವಾನಗಿ, ಋತು, ಮಿತಿಗಳನ್ನು ನಿರ್ಧರಿಸುವ ಅಧಿಕಾರ ರಾಜ್ಯಗಳಲ್ಲೇ ಉಳಿಯಿತು. ಹೀಗಾಗಿ ಸಾವಿರ ಎಕರೆಯ ಒಡೆಯನೂ ಪರವಾನಗಿಯಿಲ್ಲದೆ ತನ್ನ ಹೊಲದ ಎಲ್ಕನ್ನು ಹೊಡೆಯುವಂತಿಲ್ಲ, ಆದರೆ ಪರವಾನಗಿ ಹೊಂದಿದ ಬೇರೊಬ್ಬನನ್ನು ಗೇಟಿನಾಚೆಯೇ ತಡೆದು ನಿಲ್ಲಿಸಬಲ್ಲ.

ಇನ್ನೊಂದು ಬೇರು ರೈಲುಹಾದಿಯದು. 1862ರ ಪೆಸಿಫಿಕ್ ರೈಲ್ವೆ ಕಾಯ್ದೆ ಹಾಗೂ ಅದರ 1864ರ ತಿದ್ದುಪಡಿಯ ಪ್ರಕಾರ ಹಳಿಯ ಎರಡೂ ಬದಿಗೆ 20 ಮೈಲಿಗಳವರೆಗೆ, ಒಂದು ಬಿಟ್ಟು ಒಂದರಂತೆ ಭೂಖಂಡಗಳನ್ನು ಕಂಪನಿಗೆ ಕೊಟ್ಟು ಉಳಿದವನ್ನು ಸರ್ಕಾರ ಇಟ್ಟುಕೊಂಡಿತು. ಒಂದೊಂದು ಖಂಡವೂ ಒಂದು ಚದರ ಮೈಲಿ, ಅಂದರೆ 640 ಎಕರೆ. ಶೋಶೋನ್, ಶಯೆನ್, ಅರಪಾಹೊ ಜನರು ತಲೆಮಾರುಗಳಿಂದ ಬೇಟೆಯಾಡುತ್ತಿದ್ದ ನೆಲದ ಮೇಲೆ ಹೀಗೆ ಚದುರಂಗದ ಹಾಸು ಬಿದ್ದಿತು. ಕೊಟ್ಟವರ ಅನುಕೂಲವೇ ಅದರಲ್ಲಿ ಎದ್ದುಕಾಣುತ್ತದೆಯೇ ಹೊರತು ಅಲ್ಲಿ ನಡೆದಾಡುವವರ ಯೋಚನೆ ಯಾರಿಗೂ ಇದ್ದಂತಿಲ್ಲ. ರೈಲು ಕಂಪನಿಯ ಖಂಡಗಳು ಮುಂದೆ ದನ, ಕುರಿ ಸಾಕುವವರ ಕೈಸೇರಿದಾಗ, ನಾಲ್ಕೂ ಬದಿಗೆ ಖಾಸಗಿ ಭೂಮಿಯಿರುವ ಸಾರ್ವಜನಿಕ ಖಂಡಕ್ಕೆ ಕಾಲಿಡುವ ದಾರಿಯೇ ಇಲ್ಲವಾಯಿತು.

ಸಾರ್ವಜನಿಕ ಭೂಮಿಯನ್ನು ಬೇಲಿಯಿಂದ ಒಳಹಾಕಿಕೊಳ್ಳುವುದನ್ನು 1885ರಲ್ಲಿ ಸಂಸತ್ತು ನಿಷೇಧಿಸಿತು. ಕೊಲರಾಡೊದಲ್ಲಿ ತಂತಿಯನ್ನೆಲ್ಲ ಸ್ವಂತ ಖಂಡಗಳೊಳಗೇ ಎಳೆದು, ಆದರೂ ಸುಮಾರು 20,000 ಎಕರೆ ಸರ್ಕಾರಿ ನೆಲ ನಡುವೆ ಸಿಕ್ಕಿಬೀಳುವಂತೆ ಮಾಡಿದ ಜಾಣತನವನ್ನು ಸುಪ್ರೀಂ ಕೋರ್ಟ್ 1897ರಲ್ಲಿ ಒಪ್ಪಲಿಲ್ಲ. ಆದರೆ 1979ರಲ್ಲಿ ವಯೋಮಿಂಗ್‌ನ ಕುರಿ ಕಂಪನಿಯೊಂದರ ಮೊಕದ್ದಮೆಯಲ್ಲಿ, ರೈಲ್ವೆಗೆ ಕೊಟ್ಟ ಭೂಮಿಯ ಮೇಲೆ ರಸ್ತೆ ಮಾಡುವ ಹಕ್ಕನ್ನು ಸರ್ಕಾರ ತನಗೆಂದು ಉಳಿಸಿಕೊಂಡಿಲ್ಲವೆಂದು ಅದೇ ನ್ಯಾಯಾಲಯ ತೀರ್ಪಿತ್ತಿತು. ಅಂದರೆ ರ‍್ಯಾಂಚ್ (ದನ, ಕುರಿ ಸಾಕುವ ವಿಶಾಲ ಜಮೀನು) ಕೊಂಡವನಿಗೆ, ಕ್ರಯಪತ್ರದಲ್ಲಿ ಹೆಸರಿಲ್ಲದಿದ್ದರೂ, ನಡುವಿನ ಸಾರ್ವಜನಿಕ ಖಂಡಗಳ ಬೇಟೆಯೂ ಬಹುಮಟ್ಟಿಗೆ ಒಲಿದು ಬರುತ್ತಿತ್ತು. ದೂರದ ಸಿರಿವಂತರು ಇಂಥ ರ‍್ಯಾಂಚ್‌ಗಳತ್ತ ಕಣ್ಣುಹಾಕಿದ್ದರಲ್ಲಿ ಅಚ್ಚರಿಯೇನಿಲ್ಲ.

ಪರವಾನಗಿಯ ವಿಷಯದಲ್ಲೂ ಜಮೀನಿಗೆ ಬೆಲೆಯಿದೆ. ವಯೋಮಿಂಗ್‌ನಲ್ಲಿ ಕನಿಷ್ಠ 160 ಎಕರೆಯ ಒಡೆಯನಿಗೆ ಪರವಾನಗಿ ಹಂಚುವ ಲಾಟರಿಯ ಗೊಡವೆಯಿಲ್ಲದೆ ಅದು ದೊರೆಯಬಹುದು, ಆದರೆ ಆ ನೆಲ ವರ್ಷಕ್ಕೆ 2,000 ಪ್ರಾಣಿ-ದಿನಗಳಷ್ಟು ಆಸರೆ ನೀಡಿರಬೇಕು. 20 ಎಲ್ಕ್‌ಗಳು 100 ದಿನ ತಂಗಿದರೆ ಲೆಕ್ಕ ಸರಿಹೋಗುತ್ತದೆ. ಅಲ್ಲಿ ಆ ಪರವಾನಗಿಯನ್ನು ಮಾರುವಂತಿಲ್ಲ, ನ್ಯೂ ಮೆಕ್ಸಿಕೊದಲ್ಲಾದರೆ ಜಮೀನುದಾರನು ತನಗೆ ಬಂದ ಎಲ್ಕ್ ಅನುಮತಿಯನ್ನು ಬೇರೆಯವರಿಗೆ ಮಾರಬಹುದು.

ದಾರಿ ಹಿಡಿದಿಟ್ಟು ಬೇಟೆಯನ್ನು ತನ್ನದಾಗಿಸಿಕೊಳ್ಳುವ ಲೆಕ್ಕಾಚಾರವನ್ನು ಕದಲಿಸಿದ್ದು ವಯೋಮಿಂಗ್‌ನ ಎಲ್ಕ್ ಮೌಂಟನ್ ಬೆಟ್ಟದ ಪ್ರಕರಣ. ನಾಲ್ಕು ಖಂಡಗಳು ಕೂಡುವ ಬಿಂದುವಿನಲ್ಲಿ ಎರಡು ಸಾರ್ವಜನಿಕ ಖಂಡಗಳು ಮೂಲೆಗೆ ಮೂಲೆ ತಾಗಿರುತ್ತವೆ. ಮಿಸೌರಿಯಿಂದ ಬಂದ ಬೇಟೆಗಾರರು ಅಂಥದೊಂದು ಬಿಂದುವಿನಲ್ಲಿ, ಎರಡು ಕಂಬಗಳ ನಡುವೆ ಸರಪಳಿ ಬಿಗಿದಿದ್ದುದನ್ನು ಕಂಡು, 2021ರಲ್ಲಿ ಕಬ್ಬಿಣದ ಏಣಿಯೊಂದನ್ನು ತಂದು, ಖಾಸಗಿ ಮಣ್ಣನ್ನು ತುಳಿಯದೆ ಒಂದು ಖಂಡದಿಂದ ಇನ್ನೊಂದಕ್ಕೆ ದಾಟಿದರು. ತನ್ನ ನೆಲದ ಮೇಲಿನ ಗಾಳಿಯನ್ನು ಅತಿಕ್ರಮಿಸಿದರೆಂಬುದು ರ‍್ಯಾಂಚ್ ಕಂಪನಿಯ ದೂರು. 2022ರಲ್ಲಿ ಜ್ಯೂರಿ ಅವರನ್ನು ಖುಲಾಸೆಗೊಳಿಸಿತು. ಸಿವಿಲ್ ದಾವೆಯಲ್ಲಿ 10ನೆಯ ವಲಯ ಮೇಲ್ಮನವಿ ನ್ಯಾಯಾಲಯ 2025ರ ಮಾರ್ಚ್‌ನಲ್ಲಿ ಅದೇ 1885ರ ಕಾಯ್ದೆಯನ್ನು ಆಧರಿಸಿ ಬೇಟೆಗಾರರ ಪರ ನಿಂತಿತು, ಮತ್ತು ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಮೇಲ್ಮನವಿಯನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿತು.

ಈ ತೀರ್ಪು ಆ ವಲಯದ ಆರು ರಾಜ್ಯಗಳಿಗಷ್ಟೇ ಅನ್ವಯಿಸುತ್ತದೆ. ಮೊಂಟಾನಾ ಅದರ ಹೊರಗಿದೆ. ಒಳಗಿರುವ ಕಡೆಯೂ ಅದು ಕಾಲ್ನಡಿಗೆಯಲ್ಲಿ ಮೂಲೆ ದಾಟುವವನಿಗೆ ರಕ್ಷಣೆ ನೀಡಿದೆಯೇ ಹೊರತು ಜೀಪಿಗೆ ರಸ್ತೆ ತೆರೆದಿಲ್ಲ. ಹೊಡೆದ ಎಲ್ಕಿನ ಮಾಂಸವನ್ನು ತುಂಡು ಮಾಡಿ ಬೆನ್ನ ಮೇಲೆ ಹೊತ್ತು ಅದೇ ಮೂಲೆಯಿಂದ ಹೊರಬರಲು ಇಷ್ಟವಿಲ್ಲದವನು ಈಗಲೂ ಜಮೀನನ್ನೋ ಹಾದಿಹಕ್ಕನ್ನೋ ಕೊಂಡುಕೊಳ್ಳಬೇಕಾಗುತ್ತದೆ.