ಬಂಡೆಯ ಬಿಸಿಲು, ಕಲ್ಮನೆಯ ಕತ್ತಲು

ಹೊಸದಾಗಿ ಎಸ್‌ಎಲ್‌ಆರ್ ಕ್ಯಾಮೆರಾ ಕೊಂಡವರು ಚಾರಣದ ಫೋಟೊ ತೆಗೆಯಲು ಕುದುರೆಮುಖ, ಕುಮಾರಪರ್ವತದ ದಾರಿ ಹಿಡಿಯುತ್ತಾರೆ. ಕಲಿಯುವುದಕ್ಕಾದರೆ ಕೊಪ್ಪಳ ಜಿಲ್ಲೆಯ ಬೋಳು ಗುಡ್ಡಗಳೇ ವಾಸಿ. ಮಲೆನಾಡಿನ ಮಂಜಿನಲ್ಲಿ ತಪ್ಪು ಮಾಡಿದರೂ ಚಿತ್ರ ಚೆಂದ ಬರುತ್ತದೆ. ಇಲ್ಲಿ ಕಣ್ಣು ಕುಕ್ಕುವ ಬಂಡೆ, ಅದರ ಮಗ್ಗುಲಲ್ಲೇ ಕಡುಗಪ್ಪು ನೆರಳು. ಲೆಕ್ಕ ತಪ್ಪಿದ್ದು ಆ ಕ್ಷಣವೇ ಗೊತ್ತಾಗುತ್ತದೆ.

ಎಸ್‌ಎಲ್‌ಆರ್‌ನ ಒಳಗೆ ಓರೆಯಾಗಿ ನಿಂತ ಕನ್ನಡಿಯೊಂದಿದೆ. ಲೆನ್ಸಿನಿಂದ ಬಂದ ಬೆಳಕನ್ನು ಅದು ಮೇಲಕ್ಕೆ ತಿರುಗಿಸಿ ನಿಮ್ಮ ಕಣ್ಣಿಗೆ ಕೊಡುತ್ತದೆ. ಗುಂಡಿ ಒತ್ತಿದಾಗ ಮೇಲೆದ್ದು ಸೆನ್ಸರಿಗೆ ದಾರಿ ಬಿಡುತ್ತದೆ. ಬರೀ ನೋಡುತ್ತ ನಿಂತರೆ ಬ್ಯಾಟರಿ ಹೆಚ್ಚು ಖರ್ಚಾಗುವುದಿಲ್ಲ, ಚಾರ್ಜಿಂಗ್ ಸಿಗದ ಗುಡ್ಡದಲ್ಲಿ ಇದು ಸಣ್ಣ ಲಾಭವಲ್ಲ. ಹೆಚ್ಚಿನ ಕಂಪನಿಗಳು ಈಗ ಕನ್ನಡಿಯಿಲ್ಲದ ಮಾದರಿಗಳತ್ತ ಹೊರಳಿರುವುದರಿಂದ ಸೆಕೆಂಡ್ ಹ್ಯಾಂಡ್ ಎಸ್‌ಎಲ್‌ಆರ್ ಅಗ್ಗಕ್ಕೂ ಸಿಗುತ್ತದೆ.

ಬೆಳಕು ಅಳೆಯುವ ಮೀಟರಿಗೆ ಎದುರಿಗಿರುವುದು ಏನೆಂದು ಗೊತ್ತಿಲ್ಲ. ಯಾವ ದೃಶ್ಯವಾದರೂ ಬಿದ್ದ ಬೆಳಕಿನ ಸುಮಾರು ಶೇ 18ರಷ್ಟನ್ನು ಹಿಂದಿರುಗಿಸುತ್ತದೆ ಎಂಬ ಎಣಿಕೆಯಲ್ಲೇ ಅದು ಕೆಲಸ ಮಾಡುತ್ತದೆ. ಹೀಗಾಗಿ ಯಲಬುರ್ಗಾದ ಎರೆಹೊಲ ಚೌಕಟ್ಟು ತುಂಬಿದರೆ ಕಪ್ಪು ಮಣ್ಣು ಬೂದಿ ಬಣ್ಣಕ್ಕೆ ತಿರುಗುತ್ತದೆ. ಗಂಗಾವತಿ ಕಡೆಯ ಹೊಳೆಯುವ ಬಂಡೆ ತುಂಬಿದರೆ ಮಟಮಟ ಮಧ್ಯಾಹ್ನವೂ ಮೋಡ ಮುಸುಕಿದ ಹಾಗೆ ಮಂಕಾಗುತ್ತದೆ. ಎರೆಗೆ ಅರ್ಧದಿಂದ ಒಂದು ಸ್ಟಾಪ್ ಬೆಳಕು ಕಡಿಮೆ ಮಾಡಿ, ಬಂಡೆಗೆ ಅಷ್ಟೇ ಹೆಚ್ಚಿಸಿ. ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ, ಇಲ್ಲವೇ ಅರ್ಧ. ಮೀಟರನ್ನೇ ನಂಬದೆ ತೆಗೆಯುವ ಹಳೆಯ ಲೆಕ್ಕವೂ ಇದೆ: ನಿಚ್ಚಳ ಬಿಸಿಲಲ್ಲಿ ಐಎಸ್‌ಒ 100, ಅಪರ್ಚರ್ ಎಫ್/16, ಶಟರ್ ಸೆಕೆಂಡಿನ 125ನೇ ಒಂದು ಭಾಗ. ಎಫ್/8ಕ್ಕೆ ಬಂದರೆ ಬೆಳಕು ನಾಲ್ಕು ಪಟ್ಟಾಗುವುದರಿಂದ ಶಟರ್ 500ಕ್ಕೆ ಏರಬೇಕು. ಇಷ್ಟು ಕೈಗೆ ಹತ್ತಿದರೆ ಮ್ಯಾನುಯಲ್ ಮೋಡಿನ ಭಯ ಹೋಗುತ್ತದೆ.

ನಿಜವಾದ ಪರೀಕ್ಷೆ ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್‌ನಲ್ಲಿದೆ. ಊರಿನವರು ಮೊರ್ಯರ ಗುಡ್ಡ ಎನ್ನುವ ಆ ಬೆಟ್ಟದ ಮೇಲೆ ಶಿಲಾಯುಗದ ಕೊನೆ, ಕಬ್ಬಿಣಯುಗದ ಕಾಲದ ನೂರಾರು ಕಲ್ಲಿನ ಗೋರಿಗಳಿವೆ. ನಿಲ್ಲಿಸಿದ ಚಪ್ಪಡಿಗಳ ಮೇಲೊಂದು ಚಪ್ಪಡಿ ಮುಚ್ಚಿದ ಕಲ್ಮನೆಗಳು. ಕೆಲವಕ್ಕೆ ಎದುರುಗಲ್ಲಿನಲ್ಲಿ ದುಂಡನೆಯ ಕಿಂಡಿ ಕೊರೆದಿದ್ದಾರೆ. ಕಿಂಡಿಯ ಅಂಚಿಗೆ ಬಿಸಿಲು ರಾಚುತ್ತಿರುತ್ತದೆ, ಗೇಣು ಒಳಗೆ ಕತ್ತಲು. ನಮ್ಮ ಕಣ್ಣು ಅಲ್ಲಿಂದಿಲ್ಲಿಗೆ ಹೊರಳುವಾಗ ತಾನೇ ಹೊಂದಿಕೊಳ್ಳುತ್ತದೆ, ಮಿದುಳು ಎರಡನ್ನೂ ಸೇರಿಸಿ ಒಂದೇ ನೋಟ ಮಾಡಿಕೊಡುತ್ತದೆ. ಸೆನ್ಸರಿಗೆ ಸಿಗುವುದು ಒಂದೇ ಅವಕಾಶ. ಅಂಚಿಗೂ ಒಳಗಿನ ಕತ್ತಲಿಗೂ ಆರು ಸ್ಟಾಪ್ ಅಂತರವಿದ್ದರೆ ಅದು 64 ಪಟ್ಟು ಬೆಳಕಿನ ವ್ಯತ್ಯಾಸ.

ಚೌಕಟ್ಟಿನ ಪುಟ್ಟ ಭಾಗವನ್ನಷ್ಟೇ ಅಳೆಯುವ ಸ್ಪಾಟ್ ಮೀಟರಿಂಗ್ ಹಾಕಿ, ಬಿಸಿಲು ಬಿದ್ದ ಅಂಚನ್ನು ಅಳೆದು, ಅದು ಸುಟ್ಟು ಬೆಳ್ಳಗಾಗದಂತೆ ತೆಗೆಯಿರಿ. ಸೆನ್ಸರಿನ ಬಿಂದು ಬೆಳಕಿನಿಂದ ಒಮ್ಮೆ ತುಂಬಿ ತುಳುಕಿದರೆ ಅಲ್ಲಿನ ವಿವರ ಹೋಯಿತೆಂದೇ ಲೆಕ್ಕ. ನೆರಳಿನದ್ದನ್ನು ಆಮೇಲೆ ಒಂದಿಷ್ಟು ಎತ್ತಬಹುದು, ಅದೂ ಸೆನ್ಸರಿನ ಕಚ್ಚಾ ಮಾಹಿತಿ ಉಳಿಸುವ ರಾ ಕಡತದಲ್ಲಿದ್ದರೆ. ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಹಂತಗಳು. 14 ಬಿಟ್‌ನ ರಾ ಕಡತದಲ್ಲಿ 16,384.

ಮುಂದಿನ ಕಲ್ಮನೆಯೂ ಹಿಂದಿನ ಗುಡ್ಡಸಾಲೂ ಒಟ್ಟಿಗೆ ಸ್ಪಷ್ಟ ಬೇಕೆಂದು ಎಫ್/22ಕ್ಕೆ ಹೋಗಬೇಡಿ. ಅಷ್ಟು ಕಿರಿದಾದ ರಂಧ್ರದಲ್ಲಿ ಬೆಳಕಿನ ಅಲೆ ಹರಡಿ ಇಡೀ ಚಿತ್ರ ಮೊಂಡಾಗುತ್ತದೆ. ಕ್ಯಾಮೆರಾ ಜೊತೆ ಬರುವ 18-55 ಲೆನ್ಸೇ ಸಾಕು: 18 ಮಿ.ಮೀ., ಎಫ್/8, ಫೋಕಸ್ ಎರಡು ಮೀಟರಿನಾಚೆ ತುಸು. ಸುಮಾರು ಒಂದು ಮೀಟರಿನಿಂದ ದಿಗಂತದವರೆಗೂ ಎಲ್ಲ ಚೊಕ್ಕ.

ಮಧ್ಯಾಹ್ನ ಟೆಲಿಲೆನ್ಸ್ ಹೊರತೆಗೆಯುವುದು ದಂಡ. ಕಾದ ಬಂಡೆಯ ಮೇಲಿನ ಗಾಳಿ ಬೆಳಕನ್ನು ಅಡ್ಡಾದಿಡ್ಡಿ ಬಾಗಿಸಿ ದೂರದ್ದೆಲ್ಲ ನಡುಗುತ್ತದೆ. ಬೆಳಗಿನ ಓರೆ ಬಿಸಿಲೇ ಬೇರೆ. ಚಪ್ಪಡಿ ಸೀಳಿದ ಗುರುತು, ಕಲ್ಲಿನ ತರಿ, ಎಲ್ಲಕ್ಕೂ ಪುಟ್ಟ ನೆರಳು ಹುಟ್ಟಿ ಉಬ್ಬುತಗ್ಗು ಎದ್ದು ಕಾಣುತ್ತದೆ. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳ ಅಶೋಕನ ಶಾಸನದಂಥ ಸವೆದ ಅಕ್ಷರಗಳಿಗೂ ಇದೇ ಉಪಾಯ: ಎದುರಿನಿಂದ ಫ್ಲಾಶ್ ಬೇಡ, ಬೆಳಕು ಮಗ್ಗುಲಿನಿಂದ ಬೀಳಲಿ.

ಹಿರೇಬೆಣಕಲ್ 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿ ಸೇರಿದೆ. ದಾರಿ ಬಲ್ಲ ಊರಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ, ಹೊತ್ತು ಮುಳುಗುವ ಮುನ್ನ ಇಳಿಯಿರಿ. ಒಳ್ಳೆಯ ಕೋನ ಸಿಗುತ್ತದೆಂದು ಕಲ್ಮನೆಯ ಚಪ್ಪಡಿ ಹತ್ತಬೇಡಿ; ಅಲ್ಲಿನ ಬಂಡೆಗಳ ಮೇಲಿರುವ ಕೆಮ್ಮಣ್ಣಿನ ಚಿತ್ರಗಳು ಎದ್ದು ಕಾಣಲೆಂದು ನೀರು ಎರಚಲೂಬೇಡಿ.